ತೊಟ್ಟಿಲಿನಲ್ಲಿ ಅಲುಗಿದ ಮುಖಗಳು

ಪ್ರಶ್ನೆ: ನಾನು ಶಿರಸಿ ಸೀಮೆಯ ಹಳ್ಳಿಯವಳು, ಈಗ ಬೆಂಗಳೂರಿನಲ್ಲಿದ್ದೇನೆ. ಅಪ್ಪಯ್ಯ ತೀರಿಕೊಂಡು ಎರಡು ವರ್ಷವಾಯಿತು. ಹಳೆಯ ಮನೆಯ ಅಟ್ಟ ಖಾಲಿ ಮಾಡುವಾಗ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಅವರು ತೆಗೆದ ನೆಗೆಟಿವ್‌ಗಳು ಸಿಕ್ಕವು. ಕೆಲವು ಅಂಗೈಯಷ್ಟು ಅಗಲದ ಚೌಕಗಳು, ಕೆಲವು ಕಿರಿದಾದ ಪಟ್ಟಿಗಳು. ಬಹುಪಾಲು ಮಾರಿಕಾಂಬಾ ಜಾತ್ರೆಯವು. ದೇವಿಯದಾಗಲಿ ತೇರಿನದಾಗಲಿ ಹೆಚ್ಚಿಲ್ಲ. ಜನರನ್ನು ಕೂರಿಸಿ ಚಕ್ರದಂತೆ ಮೇಲೆ ಕೆಳಗೆ ತಿರುಗಿಸುವ ತೊಟ್ಟಿಲು, ಬಳೆ ಅಂಗಡಿ, ಮಿಠಾಯಿ ತಿನ್ನುವ ಮಕ್ಕಳು, ನಗುವ ಹೆಂಗಸರು ಇದ್ದಾರೆ. ಅವುಗಳಲ್ಲಿ ನನ್ನ ಸೋದರತ್ತೆಯೂ ಇದ್ದಾಳೆ ಎಂದು ಆಯಿ ಹೇಳುತ್ತಾಳೆ. ಇವು ಯಾವ ವರ್ಷದವು ಎಂದು ತಿಳಿಯುವುದು ಹೇಗೆ? ತೊಟ್ಟಿಲಿನಲ್ಲಿ ಕುಳಿತವರ ಮುಖ ಮಸುಕಾಗಿದೆ, ಮೊಬೈಲ್ ಆ್ಯಪ್‌ನಿಂದ ಸರಿಪಡಿಸಬಹುದೇ? ಕೆಲವಕ್ಕೆ ಬೂಸ್ಟು ಹಿಡಿದಿದೆ, ಕೆಲವು ಹುಳಿ ವಾಸನೆ ಬರುತ್ತಿವೆ, ಜೊತೆಗಿದ್ದ ಬಣ್ಣದ ಪ್ರಿಂಟುಗಳು ಕೆಂಪಾಗಿವೆ. ಅಪ್ಪಯ್ಯನ ಆಗ್ಫಾ ಪೆಟ್ಟಿಗೆ ಕ್ಯಾಮೆರಾವೂ ಇದೆ. ಮುಂದಿನ ಜಾತ್ರೆಗೆ ಅದನ್ನೇ ಒಯ್ಯುವ ಆಸೆ. ಕೆಲವು ನೆಗೆಟಿವ್‌ಗಳನ್ನು ಕಿಟಕಿಗೆ ಹಿಡಿದು ತೆಗೆದ ಚಿತ್ರಗಳನ್ನು ಕಳುಹಿಸಿದ್ದೇನೆ.

ಉತ್ತರ: ನೀವು ಕಳುಹಿಸಿದ ಹನ್ನೊಂದು ಚಿತ್ರಗಳನ್ನು ಮೂರು ಸಂಜೆ ಕುಳಿತು ನೋಡಿದೆ. ನಿಮ್ಮ ಅಪ್ಪಯ್ಯನಿಗೆ ಒಳ್ಳೆಯ ಕಣ್ಣಿತ್ತು. ಜಾತ್ರೆಗೆ ಕ್ಯಾಮೆರಾ ಒಯ್ದವರು ಸಾಮಾನ್ಯವಾಗಿ ತೇರು ತೆಗೆಯುತ್ತಿದ್ದರು, ಇಲ್ಲವೇ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆಯುತ್ತಿದ್ದರು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಫಿಲ್ಮಿಗೆ, ತೊಳೆಯುವುದಕ್ಕೆ, ಪ್ರಿಂಟಿಗೆ ಬೇರೆಬೇರೆಯಾಗಿ ದುಡ್ಡು ಕೊಡಬೇಕಾಗಿದ್ದ ಕಾಲವದು. ಅಂಥ ಹನ್ನೆರಡರಲ್ಲಿ ಒಂದನ್ನು, ಬಳೆಗಾರನ ಮುಂದೆ ಕೈ ಚಾಚಿ ನೋವಿಗೆ ಮುಖ ಕಿವುಚಿಕೊಂಡೇ ನಗುತ್ತಿರುವ ಹುಡುಗಿಗಾಗಿ ಖರ್ಚು ಮಾಡಬೇಕಾದರೆ ಆ ಮನುಷ್ಯನಿಗೆ ಜನರ ಮೇಲೆ ಎಷ್ಟು ಪ್ರೀತಿಯಿದ್ದಿರಬೇಕು! ಸಾಮಾನ್ಯ ಜನರ ಬದುಕನ್ನೇ ಜೀವಮಾನವಿಡೀ ಕ್ಯಾಮೆರಾದಲ್ಲಿ ಹಿಡಿದ ಮೈಸೂರಿನ ಟಿ.ಎಸ್. ಸತ್ಯನ್ ಅವರಿಗೆ 1977ರಲ್ಲಿ ಪದ್ಮಶ್ರೀ ಬಂದಿತು. ಅದೇ ಕಾಲದಲ್ಲಿ ಹೆಸರಿಲ್ಲದ ಹವ್ಯಾಸಿಗಳು ಊರೂರಿನಲ್ಲಿ ಅದೇ ಕೆಲಸವನ್ನು ತಮ್ಮ ಮಟ್ಟಿಗೆ ಮಾಡುತ್ತಿದ್ದರು. ಅವರ ಕೆಲಸ ಹೆಚ್ಚಾಗಿ ಅಟ್ಟದ ಡಬ್ಬಿಗಳಲ್ಲೇ ಸತ್ತುಹೋಗಿದೆ. ನಿಮ್ಮದು ಉಳಿದಿದೆ.

ಮೊದಲು ವರ್ಷದ ಮಾತು. ನೆಗೆಟಿವಿನ ಒಳಗೆ ನೋಡುವ ಮೊದಲು ಅಂಚನ್ನು ನೋಡಬೇಕು. ನೀವು ಅಂಗೈಯಷ್ಟು ಎಂದಿರುವ ಚೌಕಗಳು 120 ಎಂಬ ಅಳತೆಯ ರೋಲಿನವು. ಒಂದೊಂದು ಚಿತ್ರ ಸುಮಾರು 56 ಮಿಲಿಮೀಟರ್ ಅಗಲ, ಅಷ್ಟೇ ಎತ್ತರ. ಮೂರನೆಯ ಚಿತ್ರದಲ್ಲಿ ನಿಮ್ಮ ಹೆಬ್ಬೆರಳಿನ ಪಕ್ಕದಲ್ಲಿ ಐ, ಎನ್, ಡಿ, ಯು ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು ಕಾಣುತ್ತಿವೆ. ಅದು ‘ಇಂದು’ ಫಿಲ್ಮ್. ಊಟಿಯಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ತಯಾರಿಸುತ್ತಿದ್ದ ಸರಕು. ಸಂಸ್ಥೆ ಹುಟ್ಟಿದ್ದು 1960ರಲ್ಲಿ, ಉತ್ಪಾದನೆ ಶುರುವಾಗಿದ್ದು 1967ರಲ್ಲಿ. ಅಲ್ಲಿಗೆ ಕೆಳಗಿನ ಗಡಿ ಸಿಕ್ಕಿತು: ಈ ರೋಲು 1967ಕ್ಕಿಂತ ಹಿಂದಿನದಲ್ಲ.

ಮೇಲಿನ ಗಡಿಗೆ ತೊಟ್ಟಿಲಿನ ಹಿಂದೆ ಅರ್ಧ ಮಾತ್ರ ಕಾಣುವ ಬಸ್ಸನ್ನು ನೋಡಿ. ಅದರ ಪಕ್ಕೆಯ ಮೇಲೆ ‘ಎಂ.ಎಸ್.ಆರ್.ಟಿ.ಸಿ.’ ಎಂದಿದೆ. ಅಂದರೆ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ. 1961ರಲ್ಲಿ ಆದ ಆ ನಿಗಮಕ್ಕೆ, 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾದ ಮೇಲೆ ಹೊಸ ಹೆಸರು ಬಂದಿತು. ಬಸ್ಸುಗಳಿಗೆಲ್ಲ ಒಂದೇ ರಾತ್ರಿ ಬಣ್ಣ ಬಳಿದಿರುವುದಿಲ್ಲ, ಆದ್ದರಿಂದ ಒಂದೆರಡು ವರ್ಷ ಹೆಚ್ಚು ಹಿಡಿಯೋಣ. 1967ರಿಂದ 1975ರ ನಡುವೆ ಎಂದಾಯಿತು. ತೊಟ್ಟಿಲಿನ ಕಂಬಕ್ಕೆ ಕಟ್ಟಿದ ಹಲಗೆಯಲ್ಲಿ ‘15 ಪೈಸೆ’ ಎಂದಿದೆ, ‘ನಯೇ ಪೈಸೆ’ ಎಂದಿಲ್ಲ. ‘ನಯಾ’ ಎಂಬ ಮಾತು ನಾಣ್ಯದ ಮೇಲಿದ್ದದ್ದು 1957ರಿಂದ 1964ರವರೆಗೆ. ಇದೂ ನಮ್ಮ ಲೆಕ್ಕಕ್ಕೆ ಹೊಂದುತ್ತದೆ.

ಇನ್ನು ಮನೆಯ ಸಾಕ್ಷಿ. ಸೋದರತ್ತೆಯ ಮದುವೆ 1971ರ ಮೇ ತಿಂಗಳಿನಲ್ಲಿ ಆಯಿತು ಎಂದು ಬರೆದಿದ್ದೀರಿ. ಬಳೆ ಅಂಗಡಿಯ ಚಿತ್ರವನ್ನು ಚೆನ್ನಾಗಿ ಸ್ಕ್ಯಾನ್ ಮಾಡಿ ಕತ್ತನ್ನು ದೊಡ್ಡದು ಮಾಡಿ ನೋಡಿ. ನೀವು ಕಳುಹಿಸಿದ್ದರಲ್ಲಿ ನನಗೆ ಕರಿಮಣಿ ಕಾಣುತ್ತಿಲ್ಲ, ತೆಳ್ಳನೆಯ ಒಂದೆಳೆ ಸರ ಮಾತ್ರ ಕಾಣುತ್ತಿದೆ. ಅದು ಸೋದರತ್ತೆಯೇ ಆಗಿದ್ದರೆ, ಜಾತ್ರೆ ಫೆಬ್ರುವರಿ–ಮಾರ್ಚ್ ಹೊತ್ತಿಗೆ ಬರುವುದರಿಂದ, 1971ರ ಬೇಸಗೆಗಿಂತ ಮುಂಚಿನ ಜಾತ್ರೆ ಇದು. ಶಿರಸಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಹಾಗಾಗಿ ಉಳಿಯುವ ಜಾತ್ರೆಗಳು ಎರಡು, ಹೆಚ್ಚೆಂದರೆ ಮೂರು. 2018, 2020, 2022, 2024 ಎಂದು ಈಚಿನವೆಲ್ಲ ಸಮಸಂಖ್ಯೆಯ ವರ್ಷಗಳಲ್ಲಿ ಬಂದಿವೆ ಎಂದು ಬೆರಳು ಮಡಚಿ ಹಿಂದಕ್ಕೆ ಎಣಿಸಿ 1968 ಅಥವಾ 1970 ಎಂದು ಬರೆದುಬಿಡಬೇಡಿ. ನಡುವೆ ಎಲ್ಲಾದರೂ ಒಂದು ವರ್ಷ ಮುಂದೆ ಹೋಗಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ. ಆ ಕಾಲದ ಜಾತ್ರೆಯ ಆಮಂತ್ರಣ ಪತ್ರಿಕೆ ಯಾರದಾದರೂ ಮನೆಯಲ್ಲಿರುತ್ತದೆ, ಹಳೆಯ ದಿನಪತ್ರಿಕೆಗಳಲ್ಲೂ ಸುದ್ದಿ ಇರುತ್ತದೆ. ನೋಡಿ ಖಚಿತ ಮಾಡಿಕೊಂಡು, ನೆಗೆಟಿವಿನ ಮೇಲಲ್ಲ, ಅದರ ಲಕೋಟೆಯ ಮೇಲೆ ಪೆನ್ಸಿಲ್‌ನಿಂದ ಬರೆಯಿರಿ.

ಎಷ್ಟು ಗಂಟೆಗೆ ತೆಗೆದದ್ದು ಎಂದೂ ಹೇಳಬಹುದು. ನನಗೆ ಇದು ತುಂಬ ಇಷ್ಟವಾದ ಕೆಲಸ. ಮಾರ್ಚ್ ನಡುವಿನಲ್ಲಿ ಶಿರಸಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲರ ಹತ್ತಿರ. ಆಗ ಐದೂವರೆ ಅಡಿಯ ಮನುಷ್ಯನ ನೆರಳು ಎರಡು ಅಡಿಯನ್ನೂ ಮುಟ್ಟುವುದಿಲ್ಲ. ನೆರಳು ಆಳಿನಷ್ಟೇ ಉದ್ದವಿದ್ದರೆ ಬೆಳಗಿನ ಹತ್ತು ಗಂಟೆಯ ಸುಮಾರು, ಇಲ್ಲವೇ ಮಧ್ಯಾಹ್ನದ ಮೂರೂವರೆ. ಎರಡರಲ್ಲಿ ಯಾವುದು ಎಂಬುದನ್ನು ನೆರಳು ಬಿದ್ದ ದಿಕ್ಕು ಹೇಳುತ್ತದೆ. ಜಾತ್ರೆ ನಡೆಯುವ ಬಿಡಕಿಬಯಲು ನಿಮಗೆ ಗೊತ್ತಿರುವ ಜಾಗ. ಚಿತ್ರದಲ್ಲಿ ಗದ್ದುಗೆಯ ಚಪ್ಪರ ಯಾವ ಕಡೆಗಿದೆ ಎಂದು ಗುರುತಿಸಿದರೆ ಪೂರ್ವ ಪಶ್ಚಿಮ ತಿಳಿಯುತ್ತದೆ. ಮಿಠಾಯಿ ತಿನ್ನುತ್ತಿರುವ ಇಬ್ಬರು ಹುಡುಗರ ನೆರಳು ಅವರಷ್ಟೇ ಉದ್ದವಿದೆ. ಅವರ ಅಂಗಿ ಇನ್ನೂ ಮಾಸದೆ ಗರಿಗರಿಯಾಗಿ ನಿಂತಿರುವುದನ್ನು ನೋಡಿದರೆ ಬೆಳಗ್ಗೆಯೇ ಎನಿಸುತ್ತದೆ, ಆದರೆ ನೆರಳಿನ ದಿಕ್ಕನ್ನು ನೀವೇ ನೋಡಿ ಹೇಳಬೇಕು.

ಒಂದು ಎಚ್ಚರಿಕೆ. ನೆಗೆಟಿವನ್ನು ತಿರುಗಾಮುರುಗಾ ಹಿಡಿದರೆ ಎಡಬಲ ಅದಲುಬದಲಾಗಿ, ನೆರಳಿನ ಲೆಕ್ಕವೂ ಹಾಳಾಗುತ್ತದೆ. ಆರನೆಯ ಚಿತ್ರವನ್ನು ನೀವು ಹಾಗೆ ಹಿಡಿದಿದ್ದೀರಿ. ಅಂಗಡಿಯ ಫಲಕ ಓದಲು ಬಾರದೆ ಇರುವುದು ಅದಕ್ಕೇ. ಫಲಕವಿಲ್ಲದ ಚಿತ್ರಗಳಲ್ಲಿ ಗಂಡಸರ ಅಂಗಿಯ ಜೇಬು ನೋಡಿ, ಅದು ಎದೆಯ ಎಡಕ್ಕಿರಬೇಕು. ಕೈಯಲ್ಲಿ ಹಿಡಿದಾಗ ನೆಗೆಟಿವಿನ ಒಂದು ಮೈ ಹೊಳೆಯುತ್ತದೆ, ಇನ್ನೊಂದು ಮಂಕಾಗಿರುತ್ತದೆ. ಮಂಕಾದ ಬದಿಯೇ ಎಮಲ್ಷನ್, ಚಿತ್ರವಿರುವ ಪದರ. ಹೊಳೆಯುವ ಬದಿ ನಿಮ್ಮ ಕಡೆಗಿದ್ದರೆ ಚಿತ್ರ ಸರಿಯಾಗಿ ಕಾಣುತ್ತದೆ.

ಕಿರಿದಾದ ಪಟ್ಟಿಗಳು 35 ಮಿಲಿಮೀಟರ್ ಫಿಲ್ಮಿನವು, ಅವು ಬೇರೆ ಕಾಲದವು. ಒಂದರಲ್ಲಿ ಸ್ಕೂಟರಿನ ಸಂಖ್ಯಾಫಲಕ ‘ಕೆಎ 31’ ಎಂದು ಶುರುವಾಗುತ್ತದೆ. ಕೆಎ ಎಂಬ ಗುರುತು ಬಂದಿದ್ದು 1989ರ ಜುಲೈಯಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಜಾರಿಯಾದ ನಂತರ. ಹೀಗಾಗಿ ಅಪ್ಪಯ್ಯ ಇಪ್ಪತ್ತು ವರ್ಷ ಬಿಟ್ಟು ಮತ್ತೆ ಅದೇ ಬಯಲಿಗೆ, ಈ ಬಾರಿ ಬಣ್ಣದ ಫಿಲ್ಮಿನೊಡನೆ ಹೋಗಿದ್ದಾರೆ. ಪಟ್ಟಿಗಳ ಅಂಚಿನ ಸಂಖ್ಯೆಗಳನ್ನು ನೋಡಿ ಜೋಡಿಸಿ. ಎರಡು ಪಟ್ಟಿಗಳು ಒಂದೇ ರೋಲಿನವೋ ಎಂಬ ಅನುಮಾನವಿದ್ದರೆ ಕತ್ತರಿಸಿದ ತುದಿಗಳನ್ನು ಹತ್ತಿರ ತನ್ನಿ. ಸ್ಟುಡಿಯೋದವರು ಕತ್ತರಿಯಿಂದ ಕತ್ತರಿಸುವಾಗ ಕೊಂಚ ಓರೆಯಾಗಿರುತ್ತದೆ, ಜೊತೆಯವು ಹರಿದ ಚೀಟಿಯ ಎರಡು ಭಾಗದಂತೆ ಕೂಡಿಕೊಳ್ಳುತ್ತವೆ.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆ, ತೊಟ್ಟಿಲಿನ ಮಸುಕು. ದಯವಿಟ್ಟು ಅದನ್ನು ಆ್ಯಪ್‌ಗೆ ಕೊಡಬೇಡಿ.

ಏಕೆ ಎಂದು ವಿವರವಾಗಿಯೇ ಹೇಳುತ್ತೇನೆ. ಅಪ್ಪಯ್ಯನ ಪೆಟ್ಟಿಗೆ ಕ್ಯಾಮೆರಾಕ್ಕೆ ಶಟರಿನ ವೇಗ ಒಂದೇ, ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು. ನಿಂತವರಿಗೆ ಅದು ಸಾಕು. ಆದರೆ ಚಿತ್ರದಲ್ಲಿರುವುದು ಕೈಯಿಂದ ತಿರುಗಿಸುವ ತೊಟ್ಟಿಲು. ಅದರ ನಡುವಿನಿಂದ ಜನ ಕೂರುವ ಜಾಗಕ್ಕೆ ಮೂರು ಮೀಟರ್ ಇದೆ, ಆರು ಸೆಕೆಂಡಿಗೆ ಒಂದು ಸುತ್ತು ಬರುತ್ತದೆ ಎಂದು ಇಟ್ಟುಕೊಳ್ಳಿ. ಆಗ ಅಂಚಿನಲ್ಲಿ ಕುಳಿತ ಮಗು ಸೆಕೆಂಡಿಗೆ ಮೂರು ಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ಶಟರ್ ತೆರೆದು ಮುಚ್ಚುವ ಆ ಚಿಟಿಕೆ ಹೊತ್ತಿನಲ್ಲೇ ಹತ್ತು ಸೆಂಟಿಮೀಟರ್ ಸರಿದಿರುತ್ತದೆ. ಮಗುವಿನ ಮುಖದ ಎತ್ತರ ಹದಿನೆಂಟು ಇಪ್ಪತ್ತು ಸೆಂಟಿಮೀಟರ್. ಅಂದರೆ ಮುಖದ ಅರ್ಧದಷ್ಟು ಉದ್ದಕ್ಕೆ ಕಣ್ಣು, ಮೂಗು, ನಗು ಎಲ್ಲ ಒಂದರ ಮೇಲೊಂದು ಎಳೆದುಹೋಗಿವೆ. ಎಂಟು ಮೀಟರ್ ದೂರದಿಂದ ತೆಗೆದಿದ್ದರೆ ಫಿಲ್ಮಿನ ಮೇಲೆ ಅದು ಒಂದು ಮಿಲಿಮೀಟರ್ ಉದ್ದದ ಗೀರು.

ಈಗ ಅದೇ ಚಿತ್ರದ ನಡುವೆ ನೋಡಿ. ಅಡ್ಡಪಟ್ಟಿಯ ಮೇಲೆ ಕಾಲೂರಿ ಮೈಭಾರ ಹಾಕಿ ತೊಟ್ಟಿಲು ತಿರುಗಿಸುತ್ತಿರುವ ಆಳು ಎಷ್ಟು ಸ್ಪಷ್ಟವಾಗಿದ್ದಾನೆ! ಅವನ ಬನಿಯನ್ನಿನ ತೂತು ಎಣಿಸಬಹುದು. ಅವನಿರುವುದು ಅಚ್ಚಿನ ಬಳಿ, ಸುಮಾರು ಅರ್ಧ ಮೀಟರ್ ಆಚೆ. ಅಷ್ಟೇ ಹೊತ್ತಿನಲ್ಲಿ ಅವನು ಸರಿದದ್ದು ಎರಡು ಸೆಂಟಿಮೀಟರಿಗೂ ಕಡಿಮೆ. ನಡುವಿನಿಂದ ಅಂಚಿನ ಕಡೆಗೆ ಹೋದಂತೆ ಮಸುಕು ಹೆಚ್ಚುತ್ತ ಹೋಗುತ್ತದೆ. ಅಂದು ಆ ತೊಟ್ಟಿಲು ಎಷ್ಟು ವೇಗವಾಗಿ ತಿರುಗುತ್ತಿತ್ತು ಎಂಬುದು ಆ ಮಸುಕಿನಲ್ಲಿ ಬರೆದಿಟ್ಟಂತಿದೆ. ಅಳತೆಪಟ್ಟಿ ಹಿಡಿದು ಅಳೆಯಬಹುದು. ಐವತ್ತಕ್ಕೂ ಹೆಚ್ಚು ವರ್ಷ ಹಿಂದಿನ ಒಂದು ಮುಂಜಾನೆಯ ವೇಗ ಇನ್ನೆಲ್ಲಿ ಸಿಗುತ್ತದೆ?

ಆ್ಯಪ್ ಏನು ಮಾಡುತ್ತದೆ ಎಂದರೆ, ಮಸುಕಿನ ಹಿಂದೆ ಇರುವ ಮುಖವನ್ನು ಹುಡುಕುವುದಿಲ್ಲ, ಹೊಸ ಮುಖವನ್ನು ಬರೆದು ಅಂಟಿಸುತ್ತದೆ. ಅದಕ್ಕೆ ಗೊತ್ತಿರುವ ಲಕ್ಷಾಂತರ ಮುಖಗಳ ಸರಾಸರಿಯಿಂದ ಎರಡು ಹೊಳೆಯುವ ಕಣ್ಣು, ಸಾಲಾದ ಹಲ್ಲು ತಂದಿಡುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಆ ತೊಟ್ಟಿಲಿನಲ್ಲಿ ಕುಳಿತಿರುವವಳು ನಿಮ್ಮ ಸೋದರತ್ತೆಯಾಗಿರುವುದಿಲ್ಲ, ಎಲ್ಲೂ ಹುಟ್ಟದ ಹುಡುಗಿಯಾಗಿರುತ್ತಾಳೆ. ನಾಲ್ಕಾರು ವರ್ಷದಲ್ಲಿ ಮೊಮ್ಮಕ್ಕಳು ಅದನ್ನೇ ನಿಜವೆಂದು ನೆನಪಿಟ್ಟುಕೊಳ್ಳುತ್ತಾರೆ. ನನಗೆ ಇದರಲ್ಲಿ ಮಧ್ಯದ ದಾರಿ ಕಾಣುವುದಿಲ್ಲ. ಕಪ್ಪು ಬಿಳುಪಿಗೆ ಬಣ್ಣ ತುಂಬುವುದಕ್ಕೂ ಇದೇ ಮಾತು. ಕಪ್ಪು ಬಿಳುಪಿನ ಫಿಲ್ಮಿನಲ್ಲಿ ಕೆಂಪು ಸೀರೆಯೂ ಹಸಿರು ಸೀರೆಯೂ ಒಂದೇ ಬೂದಿಯ ಛಾಯೆಯಾಗಿ ಬೀಳಬಹುದು. ಆ್ಯಪ್‌ಗೆ ಎರಡರ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ಆಯಿಗೆ ಇದೆ. ಸೋದರತ್ತೆಯ ಸೀರೆಯ ಬಣ್ಣ ಯಾವುದಿತ್ತು ಎಂದು ಆಯಿಯನ್ನು ಕೇಳಿ, ಹೇಳಿದ್ದನ್ನು ಬರೆದಿಡಿ.

ಅಪ್ಪಯ್ಯನಿಗೆ ಈ ಮಸುಕಿನ ಗುಟ್ಟು ಬೇಗ ತಿಳಿದಿತ್ತು ಎಂಬುದಕ್ಕೆ ಒಂಬತ್ತನೆಯ ಚಿತ್ರವೇ ಸಾಕ್ಷಿ. ಉಯ್ಯಾಲೆಯಲ್ಲಿ ಜೋಡಿಯಾಗಿ ನಿಂತು ಜೀಕುತ್ತಿರುವ ಇಬ್ಬರು ಹೆಂಗಸರು ಅದರಲ್ಲಿ ಕನ್ನಡಿಯಷ್ಟು ಸ್ಪಷ್ಟ. ಅದೇ ಕ್ಯಾಮೆರಾ, ಅದೇ ಶಟರ್. ಉಯ್ಯಾಲೆ ಮೇಲಿನ ತುದಿ ಮುಟ್ಟಿ ಹಿಂದಿರುಗುವ ಮುನ್ನ ಒಂದು ಕ್ಷಣ ನಿಲ್ಲುತ್ತದಲ್ಲ, ಆ ಕ್ಷಣಕ್ಕೆ ಕಾದು ಒತ್ತಿದ್ದಾರೆ. ಒಬ್ಬಾಕೆಯ ಜಡೆ ಇನ್ನೂ ಗಾಳಿಯಲ್ಲಿದೆ, ಜಡೆಯ ತುದಿ ಮಾತ್ರ ಮಸುಕು. ನನ್ನ ಮಟ್ಟಿಗೆ ಇಡೀ ಡಬ್ಬಿಯಲ್ಲಿ ಇದೇ ಮೇಲು.

ರಾತ್ರಿಯ ಚಿತ್ರದಲ್ಲಿ ಮುಂದಿನ ಮೂವರು ಬೆಳ್ಳಗೆ ಬಿಳಿಚಿಕೊಂಡು ಹಿಂದೆ ಎಲ್ಲ ಕತ್ತಲಾಗಿರುವುದು ತಪ್ಪಲ್ಲ. ಇಂಥ ಕ್ಯಾಮೆರಾದಲ್ಲಿ ಫ್ಲ್ಯಾಶಿನ ಬೆಳಕು ಹೆಚ್ಚು ದೂರ ಕೆಲಸಕ್ಕೆ ಬರುತ್ತಿರಲಿಲ್ಲ. ಕತ್ತಲಲ್ಲಿ ತೇಲುವ ಚುಕ್ಕೆಗಳು ಅಂಗಡಿಯ ದೀಪಗಳು. ತೇರಿನ ಮೇಲೆ ತೊಟ್ಟಿಲು ಕುಳಿತಂತೆ ಕಾಣುವ ಏಳನೆಯ ಚಿತ್ರ ಎರಡು ಚಿತ್ರಗಳ ಬೆರಕೆ: ಫಿಲ್ಮ್ ಸುತ್ತಲು ಮರೆತು ಅದೇ ಜಾಗದ ಮೇಲೆ ಮತ್ತೆ ಒತ್ತಿದ್ದಾರೆ. ಪೆಟ್ಟಿಗೆ ಕ್ಯಾಮೆರಾಗಳಲ್ಲಿ ಅದನ್ನು ತಡೆಯುವ ಏರ್ಪಾಟು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಎರಡನ್ನು ಬೇರೆ ಮಾಡಲು ಆಗದು, ಮಾಡುವುದೂ ಬೇಡ.

ಡಬ್ಬಿಯಲ್ಲಿದ್ದ ಬೇರೆ ಬಗೆಯ ಒಂದು ಪ್ರಿಂಟು, ಬಣ್ಣದ ಪರದೆಯ ಮುಂದೆ ರಟ್ಟಿನ ವಿಮಾನದಲ್ಲಿ ಅಜ್ಜ ಕುಳಿತಿರುವುದು, ಅಪ್ಪಯ್ಯ ತೆಗೆದದ್ದಲ್ಲ. ಜಾತ್ರೆಯಲ್ಲಿ ಡೇರೆ ಹಾಕುತ್ತಿದ್ದ ಸ್ಟುಡಿಯೋದವರದು. ಅಲ್ಲಿ ಎಲ್ಲರೂ ನೆಟ್ಟಗೆ ಕುಳಿತು, ಉಸಿರು ಬಿಗಿಹಿಡಿದು ಕ್ಯಾಮೆರಾವನ್ನೇ ನೋಡುತ್ತಾರೆ. ಅದನ್ನು ಬಳೆ ಅಂಗಡಿಯ ಚಿತ್ರದ ಪಕ್ಕದಲ್ಲಿಟ್ಟು ನೋಡಿ. ಒಂದೇ ಜಾತ್ರೆ, ಒಂದೇ ಊರಿನ ಜನ. ಒಂದು ಕಡೆ ತಾವು ಹೇಗೆ ಕಾಣಬೇಕು ಎಂದು ನಿರ್ಧರಿಸಿ ಕುಳಿತಿದ್ದಾರೆ, ಇನ್ನೊಂದು ಕಡೆ ತಮ್ಮನ್ನು ಯಾರೋ ನೋಡುತ್ತಿದ್ದಾರೆ ಎಂಬುದೇ ಅವರಿಗೆ ನೆನಪಿಲ್ಲ. ಎರಡನ್ನೂ ಕಾಪಾಡಿ.

ಕಾಪಾಡುವುದು ಹೇಗೆ ಎಂಬುದಕ್ಕೆ ಬರುತ್ತೇನೆ. ಇಲ್ಲಿ ಅವಸರ ಮಾಡಿದರೆ ಎಲ್ಲವೂ ಹೋಗುತ್ತದೆ. ನಾನು ಈ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಮನೆಯವರು ಬೂಸ್ಟು ಹಿಡಿದ ಹದಿನಾಲ್ಕು ನೆಗೆಟಿವ್‌ಗಳನ್ನು ನಂಬಿ ಕೊಟ್ಟಿದ್ದರು. ತೊಳೆದರೆ ಹೋಗುತ್ತದೆ ಎಂದು ನೀರಿಗಿಳಿಸಿದೆ. ಕಣ್ಣ ಮುಂದೆಯೇ ಚಿತ್ರದ ಪದರ ಸಿಪ್ಪೆಯಂತೆ ಬಿಟ್ಟುಕೊಂಡು ಬಟ್ಟಲಿನಲ್ಲಿ ತೇಲಿತು. ಎಮಲ್ಷನ್ ಎಂದರೆ ಜೆಲಟಿನ್. ಬೂಸ್ಟಿಗೆ ಅದೇ ಊಟ. ಬೂಸ್ಟು ತಿಂದ ಜೆಲಟಿನ್ ನೀರಿನಲ್ಲಿ ಕರಗುವ ಸ್ಥಿತಿಗೆ ಬಂದಿರುತ್ತದೆ. ಆ ಹದಿನಾಲ್ಕರಲ್ಲಿ ಒಂಬತ್ತು ನನ್ನ ಕೈಯಲ್ಲೇ ಹೋದವು. ಅಂದಿನ ಸಂಕಟ ಇಂದಿಗೂ ಹೋಗಿಲ್ಲ. ಆದ್ದರಿಂದ ಬೂಸ್ಟು ಹಿಡಿದವಕ್ಕೆ ನೀರು ಬೇಡ, ಒದ್ದೆ ಬಟ್ಟೆ ಬೇಡ, ಗಾಜು ಒರೆಸುವ ದ್ರವವೂ ಬೇಡ. ಒಣಗಿದ ದಿನ ನೋಡಿ, ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಮೆತ್ತನೆಯ ಕುಂಚದಿಂದ ಮೇಲಿನ ಪುಡಿಯನ್ನು ಮಾತ್ರ ಸರಿಸಿ. ಒಂದಕ್ಕೊಂದು ಅಂಟಿಕೊಂಡಿರುವ ಮೂರನ್ನು ಎಳೆಯಲೇಬೇಡಿ. ಅವು ಸಂರಕ್ಷಣೆಯ ತರಬೇತಿ ಪಡೆದವರ ಕೆಲಸ.

ಹುಳಿ ವಾಸನೆ ಬರುವವನ್ನು ಇಂದೇ ಬೇರೆ ಮಾಡಿ. ಫಿಲ್ಮಿನ ಅಡಿಪದರ ಅಸಿಟೇಟ್. ತೇವ ಮತ್ತು ಶಾಖಕ್ಕೆ ಅದು ಒಡೆಯಲು ತೊಡಗಿದರೆ ಅಸಿಟಿಕ್ ಆಮ್ಲ ಬಿಡುತ್ತದೆ. ವಿನೆಗರಿನಲ್ಲಿ ಇರುವುದೂ ಅದೇ, ವಾಸನೆ ಅದರದ್ದು. ಬಿಟ್ಟ ಆಮ್ಲ ಮತ್ತಷ್ಟು ಒಡೆಯುವಿಕೆಗೆ ಕಾರಣವಾಗುತ್ತದೆ, ಹತ್ತಿರದ ಆರೋಗ್ಯವಂತ ಫಿಲ್ಮಿಗೂ ತಗಲುತ್ತದೆ. ಮುಚ್ಚಳ ಬಿಗಿಯಾದ ತಗಡಿನ ಡಬ್ಬಿ ಆ ಹಬೆಯನ್ನು ಒಳಗೇ ಕೂಡಿಹಾಕಿ ಇಷ್ಟು ವರ್ಷ ಕೇಡು ಮಾಡಿದೆ. ಈ ರೋಗಕ್ಕೆ ಮದ್ದಿಲ್ಲ, ನಿಧಾನ ಮಾಡಬಹುದು ಅಷ್ಟೇ. ಹಾಗಾಗಿ ಸ್ಕ್ಯಾನ್ ಮಾಡುವಾಗ ಮೊದಲ ಸರದಿ ಇವುಗಳದ್ದು. ಸುರುಟಿಕೊಂಡು ಕುಗ್ಗಿದ ಮೇಲೆ ಎಮಲ್ಷನ್ ಸುಕ್ಕಾಗಿ ಎದ್ದು ಬರುತ್ತದೆ, ಆಮೇಲೆ ಏನೂ ಮಾಡಲಾಗದು.

ಉಳಿದವನ್ನು ಒಂದೊಂದಾಗಿ ಆಮ್ಲರಹಿತ ಕಾಗದದ ಲಕೋಟೆಗೆ ಹಾಕಿ, ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿಡಿ. ಪಿವಿಸಿ ಪ್ಲಾಸ್ಟಿಕ್‌ನ ಆಲ್ಬಂ ಹಾಳೆಗಳು, ಅಂಟು ಇರುವ ಆಲ್ಬಂಗಳು, ರಬ್ಬರ್ ಬ್ಯಾಂಡ್ ಯಾವುದೂ ಬೇಡ. ಹುಳ ಬೀಳದಿರಲಿ ಎಂದು ನುಸಿಗುಳಿಗೆ, ಕರ್ಪೂರ ಇಡುವುದು ನಮ್ಮಲ್ಲಿ ರೂಢಿ. ಅವುಗಳ ಹಬೆ ಫಿಲ್ಮಿಗೆ ಒಳ್ಳೆಯದಲ್ಲ. ತೇವಾಂಶ ಶೇಕಡ 30ರಿಂದ 50ರ ನಡುವೆ ಇದ್ದರೆ ಬೂಸ್ಟು ಬೆಳೆಯದು. ಮಳೆಗಾಲದ ಮಲೆನಾಡಿನ ಮನೆಯಲ್ಲಿ ಅದು ಆಗದ ಮಾತು, ಅದಕ್ಕೇ ಪೆಟ್ಟಿಗೆಯನ್ನು ಬೆಂಗಳೂರಿನಲ್ಲೇ ಇಟ್ಟುಕೊಳ್ಳಿ. ಹೊರಗೋಡೆಗೆ ತಾಗದ ಕಪಾಟಿನ ನಡುವಿನ ಅರೆ ಒಳ್ಳೆಯದು. ಜೊತೆಗೆ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಇಡಿ. ಅಟ್ಟ ಎಂಬುದು ಫಿಲ್ಮಿನ ಪಾಲಿಗೆ ಮನೆಯಲ್ಲೇ ಅತಿ ಕೆಟ್ಟ ಜಾಗ: ಬೇಸಗೆಯಲ್ಲಿ ಹೆಂಚಿನ ಕಾವು, ಮಳೆಗಾಲದಲ್ಲಿ ಥಂಡಿ, ಕೆಳಗಿನಿಂದ ಒಲೆಯ ಹೊಗೆ.

ಸ್ಕ್ಯಾನ್ ಮಾಡಿಸುವಾಗ ಕೇಳಬೇಕಾದದ್ದು ಇಷ್ಟು. ಚೌಕದ ನೆಗೆಟಿವಿಗೆ ಇಂಚಿಗೆ 2400 ಚುಕ್ಕೆಗಳ ಲೆಕ್ಕದಲ್ಲಿ ಮಾಡಿಸಿದರೆ ಒಂದು ಬದಿಗೆ 5000ಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತದೆ, ಗುಂಪಿನ ಹಿಂದಿನ ಸಾಲಿನ ಮುಖಗಳೂ ಓದಲು ಬರುತ್ತವೆ. 35 ಮಿಲಿಮೀಟರಿನದಕ್ಕೆ 3200 ಇರಲಿ. ಟಿಫ್ ಕಡತವಾಗಿ, ಏನೂ ತಿದ್ದದೆ ಕೊಡಲು ಹೇಳಿ. ಧೂಳು ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯವನ್ನು ಕಪ್ಪು ಬಿಳುಪಿಗೆ ಬಳಸಬಾರದು. ಚಿತ್ರದಲ್ಲಿರುವ ಬೆಳ್ಳಿಯನ್ನೇ ಅದು ಧೂಳೆಂದು ತಿಳಿದು ಅಳಿಸುತ್ತದೆ. ಸುಮ್ಮನೆ ನೋಡುವುದಕ್ಕಾದರೆ ಮನೆಯಲ್ಲೇ ಟ್ಯಾಬ್ಲೆಟ್ಟಿನ ಬಿಳಿ ಪರದೆಯ ಮೇಲೆ ಎರಡು ಮೂರು ಸೆಂಟಿಮೀಟರ್ ಎತ್ತರದಲ್ಲಿ ಗಾಜು ಇಟ್ಟು, ಅದರ ಮೇಲೆ ನೆಗೆಟಿವ್ ಇಟ್ಟು ಮೊಬೈಲಿನಿಂದ ತೆಗೆಯಿರಿ. ಪರದೆಗೆ ತಾಗಿಸಿಟ್ಟರೆ ಅದರ ಚುಕ್ಕೆಗಳೂ ಚಿತ್ರದಲ್ಲಿ ಬರುತ್ತವೆ.

ಕೆಂಪಾದ ಬಣ್ಣದ ಪ್ರಿಂಟುಗಳ ಬಗ್ಗೆ ಹೆಚ್ಚು ಚಿಂತೆ ಬೇಡ. ಆ ಕಾಲದ ಕಾಗದದಲ್ಲಿದ್ದ ಮೂರು ವರ್ಣಗಳಲ್ಲಿ ನೀಲಿಹಸಿರಿನ ಛಾಯೆಯದು ಕತ್ತಲಲ್ಲಿ ಇಟ್ಟರೂ ಮೊದಲು ಮಾಸುತ್ತಿತ್ತು, ಉಳಿದ ಎರಡು ಸೇರಿ ಕೆಂಪಾಗಿ ಕಾಣುತ್ತವೆ. ಅವುಗಳ ನೆಗೆಟಿವ್ ಇದ್ದರೆ ಅದರಿಂದಲೇ ಹೊಸದಾಗಿ ಸ್ಕ್ಯಾನ್ ಮಾಡಿಸಿ. ನೆಗೆಟಿವ್ ಇಲ್ಲದವನ್ನು ಗಣಕದಲ್ಲಿ, ಮಾಸಿದ ನೀಲಿಹಸಿರು ಛಾಯೆ ದಾಖಲಾಗುವ ಕೆಂಪಿನ ಪದರದ ವ್ಯತ್ಯಾಸಗಳನ್ನಷ್ಟೇ ಹಿಗ್ಗಿಸಿ ಸುಮಾರಾಗಿ ಸರಿಮಾಡಬಹುದು. ಇದು ಉಳಿದಿರುವುದನ್ನು ಮೇಲೆತ್ತುವ ಕೆಲಸ, ಇಲ್ಲದ್ದನ್ನು ಹುಟ್ಟಿಸುವುದಲ್ಲ. ಅದಕ್ಕೆ ನನ್ನ ಅಡ್ಡಿಯಿಲ್ಲ.

ಕ್ಯಾಮೆರಾ ಒಯ್ಯಿರಿ, ಖಂಡಿತ ಒಯ್ಯಿರಿ. 120 ಫಿಲ್ಮ್ ಈಗಲೂ ತಯಾರಾಗುತ್ತದೆ. ಮೊದಲು ಹಿಂಬದಿಯ ಮುಚ್ಚಳ ತೆಗೆದು, ಬೆಳಕಿಗೆ ಹಿಡಿದು, ಶಟರ್ ಒತ್ತಿ ನೋಡಿ. ಬೆಳಕು ಮಿಂಚಿ ಮರೆಯಾಗಬೇಕು. ತೆರೆದೇ ನಿಂತರೆ ರಿಪೇರಿಯವರ ಹತ್ತಿರ ಹೋಗಬೇಕು. ಬಿಸಿಲಿಗೆ 100 ಅಥವಾ 125ರ ವೇಗದ ಫಿಲ್ಮ್ ಹಾಕಿ. ಇಲ್ಲಿ ವೇಗ ಎಂದರೆ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬ ಅಳತೆ. ಅಂಗಡಿಯವರು 400ರದ್ದನ್ನು ಕೊಡಲು ಬರುತ್ತಾರೆ. ಇಷ್ಟು ನಿಧಾನದ ಶಟರಿಗೆ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಅದು ತೀರ ಹೆಚ್ಚು, ಚಿತ್ರ ಬೆಂದುಹೋಗುತ್ತದೆ. ಅದನ್ನು ಸಂಜೆಗೆ ಇಟ್ಟುಕೊಳ್ಳಿ. ಇನ್ನೊಂದು: ಚಿತ್ರದ ಸಂಖ್ಯೆ ನೋಡಲು ಹಿಂದೆ ಇರುವ ಕೆಂಪು ಕಿಟಕಿಗೆ ಕಪ್ಪು ಟೇಪು ಹಚ್ಚಿ, ಫಿಲ್ಮ್ ಸುತ್ತುವಾಗ ಮಾತ್ರ ನೆರಳಿನಲ್ಲಿ ನಿಂತು ತೆರೆಯಿರಿ. ತೀರ ಹಳೆಯ ಕಾಲದ ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ, ಈಗಿನವಕ್ಕೆ ತಾಗುತ್ತದೆ. ಹತ್ತು ಅಡಿಗಿಂತ ಹತ್ತಿರ ಹೋದರೆ ಮುಖ ಮಂಜಾಗುತ್ತದೆ. ಮಕ್ಕಳು ಕೂರುವ ಸುತ್ತುವ ಕುದುರೆಗಳ ಬಳಿ ಹೊರಗೆ ನಿಂತು ತೆಗೆಯುವ ಬದಲು ನೀವೂ ಒಂದು ಕುದುರೆ ಏರಿ, ಎದುರು ಬದಿಯ ಕುದುರೆಯವರತ್ತ ತಿರುಗಿ ಒತ್ತಿ. ಅವರೂ ನೀವೂ ಜೊತೆಯಾಗಿ ಸುತ್ತುತ್ತಿರುವುದರಿಂದ ಅವರು ಸ್ಪಷ್ಟವಾಗಿ, ಹಿಂದಿನ ಜಾತ್ರೆಯೆಲ್ಲ ಗೆರೆಗೆರೆಯಾಗಿ ಬರುತ್ತದೆ.

ಇವೆಲ್ಲಕ್ಕಿಂತ ಮೊದಲು ಆಗಬೇಕಾದದ್ದು ಒಂದಿದೆ. ಫಿಲ್ಮನ್ನು ಇನ್ನೂ ಕೆಲವು ವರ್ಷ ಕಾಯಿಸಬಹುದು, ಹೆಸರುಗಳನ್ನು ಕಾಯಿಸಲಾಗದು. ಸೋದರತ್ತೆಗೆ ಎಪ್ಪತ್ತಾರು ವರ್ಷ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ ಎಂದಿದ್ದೀರಿ. ಬಳೆ ಅಂಗಡಿ, ಉಯ್ಯಾಲೆ, ತೊಟ್ಟಿಲಿನ ಚಿತ್ರಗಳನ್ನು ಒಂದಡಿ ಅಗಲಕ್ಕೆ ಪ್ರಿಂಟು ಹಾಕಿಸಿ ಮುಂದಿನ ವಾರವೇ ಊರಿಗೆ ಒಯ್ಯಿರಿ. ಮೊಬೈಲಿನಲ್ಲಿ ದನಿ ಮುದ್ರಿಸಿಕೊಳ್ಳಲು ಅವರನ್ನು ಕೇಳಿ ಒಪ್ಪಿಗೆ ಪಡೆಯಿರಿ. ‘ಇದು ಯಾರು’ ಎಂದು ಒಂದೊಂದೇ ಮುಖದ ಮೇಲೆ ಬೆರಳಿಟ್ಟು ಪರೀಕ್ಷೆ ಮಾಡಬೇಡಿ, ಚಿತ್ರ ಕೈಗೆ ಕೊಟ್ಟು ಸುಮ್ಮನೆ ಕುಳಿತುಕೊಳ್ಳಿ. ಮಾತು ತಾನಾಗಿ ಬರುತ್ತದೆ. ಗುರುತು ಸಿಕ್ಕವರ ಮನೆಗೂ ಒಂದೊಂದು ಪ್ರಿಂಟು ತಲುಪಿಸಿ, ಅವರನ್ನು ಕೇಳದೆ ಫೇಸ್‌ಬುಕ್ಕಿಗೆ ಹಾಕಬೇಡಿ. ಆ ಚಿತ್ರಗಳ ಹುಡುಗಿಯರಿಗೆ ಈಗ ಮೊಮ್ಮಕ್ಕಳಿದ್ದಾರೆ. ಅಂದು ಜಾತ್ರೆಯಲ್ಲಿ ನಕ್ಕದ್ದನ್ನು ಯಾರಿಗೆ ತೋರಿಸಬೇಕು ಎಂಬುದು ಅವರಿಗೆ ಬಿಟ್ಟದ್ದು. ಅಚ್ಚಿನ ಬಳಿ ನಿಂತು ತೊಟ್ಟಿಲು ತಿರುಗಿಸುತ್ತಿದ್ದ ಆ ಆಳಿನ ಹೆಸರು ಸೋದರತ್ತೆಗೆ ನೆನಪಿದ್ದರೆ ನನಗೂ ಒಂದು ಸಾಲು ಬರೆಯಿರಿ.